19 ಮಿಲಿಮೀಟರಿನ ಸರಳು

ಚಾರ್ಮಾಡಿ ಘಾಟಿಯಲ್ಲಿ ನಮ್ಮ ಕಾರು ಜಾರಿ ಚರಂಡಿಗೆ ಇಳಿದದ್ದು ಮಳೆಯಿಂದ ಎಂದು ನಾನು ಮನೆಯವರಿಗೆಲ್ಲ ಹೇಳಿದ್ದೆ. ಏಳು ತಿಂಗಳು ಅದನ್ನೇ ಹೇಳಿಕೊಂಡು ಓಡಾಡಿದೆ. ಮಳೆ ಬಂದದ್ದು ನಿಜ. ಆದರೆ ಅದೇ ಮಳೆಯಲ್ಲಿ ನನ್ನ ಹಿಂದೆ ಮುಂದೆ ಇದ್ದ ಗಾಡಿಗಳೆಲ್ಲ ನೆಟ್ಟಗೆ ಘಾಟಿ ಇಳಿದು ಹೋದವು. ಜಾರಿದ್ದು ನಮ್ಮದೊಂದೇ. ಅದು ಯಾಕೆ ಜಾರಿತು ಎಂಬುದನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ನಮ್ಮೂರು ಉಜಿರೆಯ ಹತ್ತಿರ. ಬೆಂಗಳೂರಿನಿಂದ ತಿಂಗಳಿಗೊಮ್ಮೆಯಾದರೂ ಹಾಸನ, ಬೇಲೂರು, ಮೂಡಿಗೆರೆ ಹಾದಿಯಲ್ಲಿ ಊರಿಗೆ ಹೋಗುತ್ತೇವೆ. ನನ್ನದು ಎಂಟು ವರ್ಷ ಹಳೆಯ ಸಣ್ಣ ಹ್ಯಾಚ್‌ಬ್ಯಾಕ್. ಕೊಟ್ಟಿಗೆಹಾರ ದಾಟಿ ಘಾಟಿ ಶುರುವಾಯಿತೆಂದರೆ ಪ್ರತಿ ತಿರುವಿನಲ್ಲೂ ಗಾಡಿ ಹೊರಗಡೆಗೆ ವಾಲುತ್ತಿತ್ತು. ಸ್ಟೀರಿಂಗ್ ತಿರುಗಿಸಿದರೂ ಮೂತಿ ಒಳಗೆ ಬರಲು ಒಂದು ಕ್ಷಣ ತಡೆಯುತ್ತಿತ್ತು. ಮಗಳಿಗೆ ವಾಂತಿ, ಹೆಂಡತಿಗೆ ತಲೆಸುತ್ತು. ಇದಕ್ಕೊಂದು ಮದ್ದು ಹುಡುಕಬೇಕೆಂದು ಹೊರಟವನಿಗೆ ಸಿಕ್ಕಿದ್ದು ಹಿಂದಿನ ಸ್ವೇ ಬಾರ್.

ಗ್ಯಾರೇಜಿನವರು ಸ್ಟೆಬಿಲೈಸರ್ ಎನ್ನುವುದೂ ಇದನ್ನೇ. ನೋಡಲು ಬರೀ ಒಂದು ಉಕ್ಕಿನ ಸರಳು. ಅದರ ಒಂದು ತುದಿ ಎಡಚಕ್ರದ ಕಡೆಗೆ, ಇನ್ನೊಂದು ಬಲಚಕ್ರದ ಕಡೆಗೆ. ತಿರುವಿನಲ್ಲಿ ಗಾಡಿ ವಾಲಿದಾಗ ಹೊರಗಿನ ಚಕ್ರ ಮೇಲಕ್ಕೆ ಒತ್ತುತ್ತದೆ, ಒಳಗಿನದು ಕೆಳಕ್ಕೆ ಇಳಿಯುತ್ತದೆ. ಆಗ ನಡುವಿನ ಸರಳು ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳಬೇಕಾಗುತ್ತದೆ. ಉಕ್ಕು ಅಷ್ಟು ಸುಲಭಕ್ಕೆ ತಿರುಚಿಕೊಳ್ಳುವುದಿಲ್ಲ, ಹಾಗಾಗಿ ಗಾಡಿಯೂ ಅಷ್ಟು ಸುಲಭಕ್ಕೆ ವಾಲುವುದಿಲ್ಲ. ನನ್ನ ಗಾಡಿಯಂಥ ಸಣ್ಣ ಕಾರುಗಳಲ್ಲಿ ಹಿಂದೆ ಪ್ರತ್ಯೇಕ ಬಾರ್ ಇರುವುದೇ ಅಪರೂಪ. ಎರಡು ಚಕ್ರಗಳನ್ನು ಜೋಡಿಸುವ ಟಾರ್ಷನ್ ಬೀಮ್ ತಾನೇ ಸ್ವಲ್ಪ ತಿರುಚಿಕೊಂಡು ಆ ಕೆಲಸ ಮಾಡುತ್ತದೆ. 1974ರ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿನಿಂದ ಜನಪ್ರಿಯವಾದ ಏರ್ಪಾಡು ಅದು. ಅದರ ಮೇಲೆ ಇನ್ನೊಂದು ಸರಳನ್ನು ಬೋಲ್ಟ್ ಹಾಕಿ ಬಿಗಿಯುವುದು ನನ್ನ ಯೋಜನೆ.

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಎರಡು ಅಳತೆ ಇದ್ದವು, 16 ಮಿ.ಮೀ. ಮತ್ತು 19 ಮಿ.ಮೀ. ಎರಡನ್ನೂ ಎರಡು ಕೈಯಲ್ಲಿ ಹಿಡಿದು ನೋಡಿದೆ. ಮೂರೇ ಮಿಲಿಮೀಟರ್ ತಾನೆ, ಹಾಕುವುದು ಹಾಕುತ್ತೇನೆ, ದಪ್ಪದ್ದೇ ಇರಲಿ ಎಂದುಕೊಂಡೆ. ತಿರುಚುವುದಕ್ಕೆ ಸರಳು ಒಡ್ಡುವ ಬಿಗಿತ ಅದರ ವ್ಯಾಸದ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ. 16ರಿಂದ 19ಕ್ಕೆ ಹೋದರೆ ಬಿಗಿತ ಹೆಚ್ಚುಕಡಿಮೆ ಎರಡು ಪಟ್ಟು.

ಹಾಕಿಸಿದ ಮೇಲೆ ಸಿಕ್ಕ ಸಂತೋಷವನ್ನೂ ಮುಚ್ಚಿಡಬಾರದು. ಗಾಡಿ ಬೇರೆಯೇ ಆಗಿತ್ತು. ತಿರುವಿಗೆ ಮೂತಿ ಹಾಕಿದರೆ ಚಕ್ಕನೆ ಒಳಗೆ ಬರುತ್ತಿತ್ತು, ಮೈ ಅಲ್ಲಾಡದೆ ಕೂರುತ್ತಿತ್ತು. ಒಣ ರಸ್ತೆಯಲ್ಲಿ ಅದು ಕೊಟ್ಟ ಭರವಸೆ ನಿಜವಾದದ್ದೇ. ಅದೇ ನನ್ನನ್ನು ಕುರುಡು ಮಾಡಿತು.

ರೋಡ್ ಹಂಪುಗಳ ಮೇಲೆ ಹತ್ತಿಸಿ ನೋಡಿ, 'ಕುಲುಕಾಟ ಏನೂ ಜಾಸ್ತಿಯಾಗಿಲ್ಲ' ಎಂದು ಹೆಂಡತಿಗೆ ಹೇಳಿದೆ. ಹಂಪಿನ ಮೇಲೆ ಎರಡೂ ಹಿಂಚಕ್ರ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಸರಳು ತಿರುಚಿಕೊಳ್ಳುವುದೇ ಇಲ್ಲ, ಅದಕ್ಕೆ ಅಲ್ಲಿ ಕೆಲಸವೇ ಇಲ್ಲ. ಅಂದರೆ ಬಾರ್ ಏನೂ ಮಾಡದ ಜಾಗದಲ್ಲೇ ನಾನು ಅದನ್ನು ಪರೀಕ್ಷೆ ಮಾಡಿದ್ದೆ. ಅದರ ನಿಜವಾದ ಸ್ವಭಾವ ಗೊತ್ತಾಗುವುದು ಬೇಲೂರು ದಾಟಿದ ಮೇಲಿನ ಅಂಚು ಕಿತ್ತ ರಸ್ತೆಯಲ್ಲಿ, ಎಡಚಕ್ರ ಗುಂಡಿಗೆ ಬಿದ್ದು ಬಲಚಕ್ರ ಡಾಂಬರಿನ ಮೇಲೇ ಇರುವಾಗ. ಮೊದಲಾದರೆ ಆ ಏಟು ಬಹುಪಾಲು ಒಂದು ಚಕ್ರದ್ದಾಗಿ ಮುಗಿಯುತ್ತಿತ್ತು. ಈಗ ಸರಳು ಅದನ್ನು ಇನ್ನೊಂದು ಚಕ್ರಕ್ಕೂ ಮುಟ್ಟಿಸುತ್ತಿತ್ತು. ಇಡೀ ಹಿಂಭಾಗ ಎಡಕ್ಕೆ ಬಲಕ್ಕೆ ಪಟಪಟನೆ ಒದರುತ್ತಿತ್ತು. ಮುಂದೆ ಸ್ಟೀರಿಂಗ್ ಹಿಡಿದು ಕೂತವನಿಗೆ ಅದು ಅಷ್ಟಾಗಿ ತಿಳಿಯದು. ಹಿಂದೆ ಕೂತವರ ಕತ್ತಿಗೆ ತಿಳಿಯುತ್ತದೆ.

ಹಿಂದೆ ಕೂರುತ್ತಿದ್ದವಳು ಅಮ್ಮ. ಬಾರ್ ಹಾಕಿಸಿದ ಮೇಲಿನ ಮೊದಲ ಪ್ರಯಾಣದಿಂದಲೇ ಅವಳು ಕಿಟಕಿಯ ಮೇಲಿನ ಹಿಡಿಕೆಯನ್ನು ಹಿಡಿದು ಕೂರತೊಡಗಿದಳು. ಕನ್ನಡಿಯಲ್ಲಿ ಆ ಕೈ ಕಾಣುತ್ತಿತ್ತು. ವಯಸ್ಸಾಯಿತು, ಭಯ ಜಾಸ್ತಿಯಾಗಿದೆ ಎಂದುಕೊಂಡೆ. 'ಕತ್ತು ನೋಯ್ತದೆ' ಎಂದು ಎರಡು ಸಲ ಹೇಳಿದಳು. ದಿಂಬು ತಂದುಕೊಟ್ಟೆ.

ಆಷಾಢದ ಒಂದು ಮಧ್ಯಾಹ್ನ ಘಾಟಿ ಇಳಿಯುತ್ತಿದ್ದೆವು. ಬೆಟ್ಟದ ಮಡಿಕೆಯಲ್ಲಿ ರಸ್ತೆ ಬಲಕ್ಕೆ ಹೊರಳುವ ಕಡೆ ಮೇಲಿನಿಂದ ತೊರೆಯ ನೀರು ಡಾಂಬರಿನ ಮೇಲೆ ಹಾಳೆಯಂತೆ ಹರಿಯುತ್ತಿತ್ತು. ವೇಗ ನಲವತ್ತರ ಆಸುಪಾಸು. ಎದುರಿನಿಂದ ಮಂಜಿನೊಳಗಿಂದ ಒಂದು ಜೀಪು ನಡುರಸ್ತೆಯಲ್ಲೇ ಬಂತು. ನಾನು ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಯಾರಾದರೂ ಮಾಡುವುದು ಅದನ್ನೇ. ಆ ಕ್ಷಣಕ್ಕೆ ನನ್ನ ಸೊಂಟದ ಕೆಳಗೆ ಏನೋ ಹಗುರವಾದಂತಾಯಿತು. ಸದ್ದಿಲ್ಲ, ಕುಲುಕಾಟವಿಲ್ಲ. ಗಾಡಿಯ ಬಾಲ ತನ್ನಷ್ಟಕ್ಕೆ ಎಡಕ್ಕೆ ಹೊರಟಿತ್ತು. ಹೆದರಿ ಬ್ರೇಕ್ ತುಳಿದೆ. ಮೂತಿ ಇನ್ನಷ್ಟು ಬಲಕ್ಕೆ ತಿರುಗಿ ಗಾಡಿ ರಸ್ತೆಗೆ ಅಡ್ಡವಾಯಿತು, ಹಿಂದಿನ ಎಡಚಕ್ರ ಚರಂಡಿಗೆ ಇಳಿದು ಬೆಟ್ಟದ ಬದಿಗೆ ಬಡಿದು ನಿಂತಿತು. ಜೀಪಿನವರು ಹತ್ತು ಅಡಿ ದೂರದಲ್ಲಿ ನಿಲ್ಲಿಸಿಕೊಂಡಿದ್ದರು. ಮಗಳಿಗೆ ಏನೂ ಆಗಲಿಲ್ಲ. ಅಮ್ಮನ ಕೈ ಹಿಡಿಕೆಯಲ್ಲೇ ಇತ್ತು, ಮಣಿಕಟ್ಟು ತಿರುಚಿತ್ತು. ಮೂಳೆ ಬಿರುಕು ಬಿಟ್ಟಿದೆ ಎಂದರು ಡಾಕ್ಟರು. ಆರು ವಾರ ಪ್ಲಾಸ್ಟರ್.

ಬಂಪರ್ ರಿಪೇರಿಯಾಯಿತು. ಬಾರ್ ಅಲ್ಲೇ ಉಳಿಯಿತು. ಅನುಮಾನ ನನಗೆ ಇರಲಿಲ್ಲವೆಂದಲ್ಲ. ಮಳೆಯ ಹೆಸರು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಿದ್ದರು, ಆ ಸುಲಭವನ್ನು ಬಿಟ್ಟುಕೊಡಲು ನಾನು ಸಿದ್ಧನಿರಲಿಲ್ಲ.

ಮುಂದಿನ ಫೆಬ್ರವರಿಯಲ್ಲಿ ಮುಂಭಾಗದಿಂದ ಟಕ್ ಟಕ್ ಎಂದು ಸದ್ದು ಬರುತ್ತಿದೆಯೆಂದು ಊರಿನಲ್ಲೇ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಗಾಡಿ ಬಿಟ್ಟೆ. ಅವರು ಮುಂದಿನ ಸ್ಟೆಬಿಲೈಸರಿನ ಲಿಂಕ್ ರಾಡನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. ತುದಿಯ ಬಾಲ್ ಜಾಯಿಂಟ್ ಬಾಯಿ ಬಿಟ್ಟು, ಹಾಲುಹಲ್ಲಿನಂತೆ ಸಡಿಲವಾಗಿತ್ತು. ಎರಡೂ ಕಡೆ ಅದೇ ಗತಿ. ಶಾಕ್ ಅಬ್ಸಾರ್ಬರುಗಳಿಂದ ಎಣ್ಣೆ ಸೋರಿತ್ತು. ಅಂದರೆ ಕಂಪನಿಯವರು ಮುಂದೆ ಕೊಟ್ಟಿದ್ದ ಬಾರ್ ಅರ್ಧಕ್ಕರ್ಧ ಕೆಲಸ ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಗಾಡಿ ವಾಲುತ್ತಿದ್ದದ್ದು ಅದಕ್ಕೆ. ಕಾಯಿಲೆ ಮುಂದೆ ಇತ್ತು, ಮದ್ದನ್ನು ನಾನು ಹಿಂದಕ್ಕೆ ಹಚ್ಚಿದ್ದೆ.

ಆಮೇಲೆ ಅವರು ಹಿಂದೆ ಬಗ್ಗಿ ನೋಡಿದರು. 'ಇದು ಯಾರು ಹಾಕಿದ್ದು ಮಾರಾಯ್ರೆ?' ನಾನು ಹೇಳಿದೆ. ಅವರು ಬೈಯಲಿಲ್ಲ. ಎಡ ಹಿಂಚಕ್ರದ ಹತ್ತಿರ ಜಾಕ್ ಇಟ್ಟು ನಿಧಾನಕ್ಕೆ ಏರಿಸುತ್ತಾ, ಬಲಗಡೆಯ ಟೈರಿನ ತಳ ನೋಡುತ್ತಿರಿ ಎಂದರು. ನೆಲಕ್ಕೆ ಒತ್ತಿಕೊಂಡು ಉಬ್ಬಿದ್ದ ಆ ಟೈರಿನ ಹೊಟ್ಟೆ ನೋಡನೋಡುತ್ತ ಇಳಿಯಿತು. ಜಾಕ್ ಇಳಿಸಿ, ಬಾರ್ ಬಿಚ್ಚಿ, ಅಷ್ಟೇ ಎತ್ತರಕ್ಕೆ ಮತ್ತೆ ಏರಿಸಿದರು. ಈ ಸಲ ಉಬ್ಬು ಬಹುಪಾಲು ಹಾಗೇ ಉಳಿಯಿತು. ಆ ಉಬ್ಬೇ ರಸ್ತೆಯ ಮೇಲಿನ ಹಿಡಿತ.

ತಿರುವಿನಲ್ಲಿ ಒಳಚಕ್ರಗಳಿಂದ ಹೊರಚಕ್ರಗಳಿಗೆ ಒಟ್ಟು ಎಷ್ಟು ಭಾರ ದಾಟುತ್ತದೆ ಎಂಬುದು ವೇಗ, ತಿರುವಿನ ಬಾಗು, ಗಾಡಿಯ ಭಾರಕೇಂದ್ರದ ಎತ್ತರ, ಚಕ್ರಗಳ ನಡುವಿನ ಅಗಲ ಇವುಗಳ ಮೇಲೆ ನಿಂತಿದೆ. ಯಾವ ಬಾರ್ ಹಾಕಿದರೂ ಆ ಮೊತ್ತ ಹೆಚ್ಚು ಬದಲಾಗದು. ಅದರಲ್ಲಿ ಮುಂದಿನ ಜೋಡಿ ಎಷ್ಟು ಹೊರಬೇಕು, ಹಿಂದಿನ ಜೋಡಿ ಎಷ್ಟು ಎಂಬ ಪಾಲನ್ನು ಮಾತ್ರ ಬಾರ್ ಹಂಚುತ್ತದೆ. ಹಿಂದೆ ಬಿಗಿ ಮಾಡಿದರೆ ಹಿಂದಿನ ಪಾಲು ಹೆಚ್ಚುತ್ತದೆ. ಟೈರಿನ ಮೇಲೆ ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ. ಆದ್ದರಿಂದ ಒಂದು ಟೈರಿಗೆ ಹೊರೆ, ಇನ್ನೊಂದಕ್ಕೆ ಬಿಡುವು ಆದ ಜೋಡಿ, ಸಮನಾಗಿ ಹೊತ್ತ ಜೋಡಿಗಿಂತ ಬೇಗ ಸೋಲುತ್ತದೆ. ಮೂತಿ ಚಕ್ಕನೆ ಒಳಗೆ ಬರುತ್ತದೆಂದು ನಾನು ಹಿಗ್ಗಿದ್ದೆನಲ್ಲ, ಅದರ ಬೆಲೆಯನ್ನು ಹಿಂದಿನ ಎರಡು ಟೈರುಗಳು ತೆರುತ್ತಿದ್ದವು.

ಇಳಿಜಾರಿನಲ್ಲಿ ಹಿಂಭಾಗ ಮೊದಲೇ ಹಗುರ. ಕಾಲು ತೆಗೆದ ಕೂಡಲೇ ಭಾರ ಇನ್ನೂ ಮುಂದಕ್ಕೆ ಬಂದು ಅದು ಮತ್ತಷ್ಟು ಹಗುರವಾಯಿತು, ಬ್ರೇಕ್ ಉಳಿದದ್ದನ್ನೂ ಕಿತ್ತುಕೊಂಡಿತು. ಸಣ್ಣ ಕಾರುಗಳನ್ನು ಮೊದಲು ಮೂತಿಯೇ ಜಾರುವಂತೆ ಕಟ್ಟುವುದು ಇದೇ ಕಾರಣಕ್ಕೆ. ಮೂತಿ ಜಾರಿದಾಗ ಹೆದರಿ ಕಾಲು ತೆಗೆದರೆ ಗಾಡಿ ಸಾಮಾನ್ಯವಾಗಿ ಹಿಡಿತಕ್ಕೆ ಬರುತ್ತದೆ. ಬಾಲ ಜಾರಿದಾಗ ಅದೇ ಹೆದರಿಕೆ ಗಾಡಿಯನ್ನು ತಿರುಗಿಸಿಬಿಡುತ್ತದೆ. ಇಂಥ ಹೊತ್ತಿನಲ್ಲಿ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಸರಿಪಡಿಸುವ ಇಎಸ್‌ಸಿ ನನ್ನ ಗಾಡಿಯಲ್ಲಿರಲಿಲ್ಲ. ಇಷ್ಟೂ ಸಾಲದೆಂಬಂತೆ, ಆ ವರ್ಷ ಎರಡೇ ಹೊಸ ಟೈರು ಕೊಂಡು ಅವನ್ನು ಮುಂದೆ ಹಾಕಿಸಿ, ಸವೆದವನ್ನು ಹಿಂದಕ್ಕೆ ತಳ್ಳಿದ್ದೆ. ಎರಡೇ ಕೊಳ್ಳುವುದಾದರೆ ಹೊಸವು ಹಿಂದೆಯೇ ಇರಬೇಕು, ಎಂಜಿನ್ ಮುಂಚಕ್ರಗಳನ್ನು ತಿರುಗಿಸುವ ಗಾಡಿಯಾದರೂ ಸರಿ. ಇದನ್ನು ಕಂಡವರಿಗೆಲ್ಲ ಹೇಳುತ್ತೇನೆ, ಕೆಲವರು ನಂಬುವುದಿಲ್ಲ.

ಆಮೇಲೆ ಓದುತ್ತ ಹೋದಾಗ ಅಮೆರಿಕದ ಷೆವರ್ಲೆ ಕಾರ್ವೇರ್ ಕಾರಿನ ಕಥೆ ಸಿಕ್ಕಿತು. ಎಂಜಿನ್ ಹಿಂದಿದ್ದ ಆ ಕಾರು 1960ರ ಮಾದರಿಯಾಗಿ ಬಂದಾಗ ಮುಂದೆ ಸ್ವೇ ಬಾರ್ ಇರಲಿಲ್ಲ. 1964ರ ಮಾದರಿಗೆ ಸೇರಿಸಿದರು. ರಾಲ್ಫ್ ನೇಡರ್ ಕಾರುಗಳ ಅಪಾಯದ ಬಗ್ಗೆ ಬರೆದ 1965ರ ತಮ್ಮ ಪುಸ್ತಕದ ಮೊದಲ ಅಧ್ಯಾಯವನ್ನೇ ಆ ಕಾರಿಗೆ ಮೀಸಲಿಟ್ಟರು. ಅದು ಅಷ್ಟು ಕೆಟ್ಟ ಕಾರೇ ಎಂಬ ವಾದ ಆಮೇಲೂ ನಡೆಯಿತು. ನನ್ನನ್ನು ತಟ್ಟಿದ್ದು ಬೇರೆ. ಅದಕ್ಕೆ ಮುಂದಿನ ಬಾರ್ ಕೊಟ್ಟೇ ಇರಲಿಲ್ಲ. ನನ್ನದಕ್ಕೆ ಕೊಟ್ಟಿದ್ದರು, ನಾನು ಸವೆಯಲು ಬಿಟ್ಟು, ಹಿಂದೆ ಇನ್ನೊಂದನ್ನು ಬಿಗಿದಿದ್ದೆ.

ಲಿಂಕ್ ರಾಡ್, ಶಾಕ್ ಅಬ್ಸಾರ್ಬರ್ ಬದಲಾದವು, ಟೈರುಗಳು ಸರಿಯಾದ ಜಾಗಕ್ಕೆ ಹೋದವು. ಗಾಡಿಯ ವಾಲಾಟ ಬಾರ್ ಇಲ್ಲದೆಯೇ ಅರ್ಧದಷ್ಟು ಇಳಿಯಿತು. ಒಳ್ಳೆಯ ರಸ್ತೆಯಲ್ಲಿ, ಉಳಿದದ್ದೆಲ್ಲ ಸರಿಯಿರುವ ಗಾಡಿಗೆ, ಅಳತೆ ಅರಿತು ಹಾಕಿದ ಹಿಂದಿನ ಬಾರ್ ಒಳ್ಳೆಯದೇ ಇರಬಹುದು. ಅದರ ಮೇಲೆ ನನಗೆ ದ್ವೇಷವಿಲ್ಲ. ನಮ್ಮ ಹಾದಿಗೆ, ನನ್ನ ಹಿಂದಿನ ಸೀಟಿಗೆ ಅದು ಬೇಡವಾಗಿತ್ತು.

ಅಮ್ಮನಿಗೆ ಹೇಳಿದ್ದು ಕೊಟ್ಟಿಗೆಹಾರದಲ್ಲಿ, ನೀರುದೋಸೆಯ ಮುಂದೆ ಕೂತಾಗ. ಅವತ್ತು ಜಾರಿದ್ದು ಮಳೆಯಿಂದಲ್ಲ, ನಾನು ಹಾಕಿಸಿದ್ದ ಒಂದು ಸರಳಿನಿಂದ, ಆವಾಗಲೇ ನನಗೆ ಅನುಮಾನವಿತ್ತು, ಹೇಳಲಿಲ್ಲ ಎಂದೆ. ಅವಳು ದೋಸೆ ಮುರಿಯುವುದನ್ನು ನಿಲ್ಲಿಸಿದಳು. 'ಗಾಡಿ ಏನೋ ಬೇರೆಯಾಗಿದೆ ಅಂತ ನಾನು ಅದಕ್ಕೆ ಮುಂಚೆಯೇ ಹೇಳಿದ್ದೆ' ಎಂದಳು. 'ನೀನು ದಿಂಬು ತಂದೆ.'

ಮತ್ತೆ ಗಾಡಿ ಹತ್ತಿದೆವು. ಮೊದಲ ತಿರುವು, ಎರಡನೆಯದು. ಮಗಳು ನಿದ್ದೆ ಹೋಗಿದ್ದಳು. ಕನ್ನಡಿಯಲ್ಲಿ ನೋಡಿದೆ. ಅಮ್ಮನ ಕೈ ಹಿಡಿಕೆಯಲ್ಲೇ ಇತ್ತು.