ಹೊಟ್ಟೆಯ ಗಡಿಯಾರ

ಚೀನಾದ ಸಾಂಪ್ರದಾಯಿಕ ವೈದ್ಯಪದ್ಧತಿಯನ್ನು ಪರಿಚಯಿಸುವ ಪುಸ್ತಕಗಳಲ್ಲಿ ವೃತ್ತಾಕಾರದ ಒಂದು ಪಟ ಹೆಚ್ಚಾಗಿ ಕಾಣಸಿಗುತ್ತದೆ. ಹಗಲಿರುಳನ್ನು ಅದರಲ್ಲಿ ಎರಡೆರಡು ಗಂಟೆಗಳ ಹನ್ನೆರಡು ಭಾಗಗಳಾಗಿ ಹಂಚಿ, ಒಂದೊಂದನ್ನು ಒಂದೊಂದು ಅಂಗಕ್ಕೆ ಒಪ್ಪಿಸಲಾಗಿದೆ. ಬೆಳಗಿನ 5ರಿಂದ 7 ದೊಡ್ಡ ಕರುಳಿನದು, 7ರಿಂದ 9 ಜಠರದ್ದು, 9ರಿಂದ 11 ಪ್ಲೀಹದ್ದು. ಆಯಾ ಹೊತ್ತಿನಲ್ಲಿ 'ಚೀ' ಎಂಬ ಪ್ರಾಣಶಕ್ತಿ ಆಯಾ ಅಂಗದ ಮಾರ್ಗದಲ್ಲಿ ತುಂಬಿ ಹರಿಯುತ್ತದೆಂಬುದು ಅದರ ತತ್ತ್ವ. ಎದ್ದೊಡನೆ ಮಲವಿಸರ್ಜನೆ, ಏಳರ ಬಳಿಕ ಬಿಸಿಯಾದ ಉಪಾಹಾರ, ರಾತ್ರಿ ಮಿತವಾದ ಊಟ ಎಂಬ ನಿಯಮಗಳು ಇದರಿಂದಲೇ ಹುಟ್ಟಿದವು.

ಇಲ್ಲಿ ಪ್ಲೀಹವೆಂದರೆ ಶಾಲೆಯ ವಿಜ್ಞಾನ ಪಾಠದಲ್ಲಿ ಬರುವ ಗುಲ್ಮವೆಂದು ತಿಳಿಯಬಾರದು. ಉಂಡದ್ದನ್ನು ಸಾರವಾಗಿಸಿ ಮೈಗೆಲ್ಲ ಹಂಚುವ ಕಾರ್ಯಕ್ಕೇ ಚೀನೀ ವೈದ್ಯರು ಆ ಹೆಸರನ್ನಿಟ್ಟಿದ್ದಾರೆ. ಹಾನ್ ವಂಶದ ಕಾಲಕ್ಕೆ ರೂಪುಗೊಂಡಿತೆನ್ನಲಾದ 'ಹ್ವಾಂಗ್‌ದಿ ನೇಯ್‌ಜಿಂಗ್' ಗ್ರಂಥವು ದೇಹವನ್ನು ಒಂದು ರಾಜ್ಯವೆಂದು ಭಾವಿಸಿ, ಹೃದಯವನ್ನು ಅರಸನನ್ನಾಗಿಯೂ ಜಠರ-ಪ್ಲೀಹಗಳನ್ನು ಉಗ್ರಾಣದ ಅಧಿಕಾರಿಗಳನ್ನಾಗಿಯೂ ನೇಮಿಸುತ್ತದೆ. ಉಗ್ರಾಣ ಬರಿದಾದರೆ ಅರಸನ ಆಜ್ಞೆಗೆ ಬೆಲೆಯೆಲ್ಲಿ!

ಪಟ ಅಂದವಾಗಿದೆ, ಆದರೆ ಪಾಟೀಸವಾಲಿನಲ್ಲಿ ತಡವರಿಸುತ್ತದೆ. ಏಳು ಗಂಟೆ ಎಂದರೆ ಯಾರ ಏಳು ಗಂಟೆ? ಹಿಂದಿನವರ ಹೊತ್ತು ಸೂರ್ಯನನ್ನು ನೋಡಿ ಎಣಿಸಿದ್ದು. ಇಂದಿನ ಚೀನಾದಲ್ಲಾದರೋ ದೇಶಕ್ಕೆಲ್ಲ ಬೀಜಿಂಗಿನ ಗಡಿಯಾರವೊಂದೇ. ಪಶ್ಚಿಮದ ತುದಿಯ ಕಾಶ್ಗರಿನಲ್ಲಿ ಸೂರ್ಯನು ಆ ಗಡಿಯಾರಕ್ಕಿಂತ ಸುಮಾರು ಮೂರು ಗಂಟೆ ಹಿಂದಿರುತ್ತಾನೆ. ಅಲ್ಲಿ ಗೋಡೆಯ ಗಡಿಯಾರ ಏಳು ಹೊಡೆದಾಗ ಹೊರಗೆ ಇನ್ನೂ ಇರುಳು. ಜಠರವು ಸರಕಾರದ ಆಜ್ಞೆಯನ್ನು ಓದುವುದಿಲ್ಲ.

ಹಾಗೆಂದು ಮೊಕದ್ದಮೆಯನ್ನೇ ವಜಾಗೊಳಿಸುವುದು ನ್ಯಾಯವಲ್ಲ. ಪಟದ ಅಂಗ-ಗಂಟೆಗಳ ಜೋಡಣೆಗೆ ಆಧುನಿಕ ಶರೀರಶಾಸ್ತ್ರದ ಸಮರ್ಥನೆಯಿಲ್ಲವಾದರೂ, ಪಚನಕ್ಕೆ ಹೊತ್ತುಗೊತ್ತುಗಳಿವೆ ಎಂಬುದಕ್ಕೆ ಇದೆ. ಎಚ್ಚರವಾದಾಗ ಮತ್ತು ಉಂಡ ಬಳಿಕ ದೊಡ್ಡ ಕರುಳು ಚುರುಕಾಗುತ್ತದೆ. ಬೆಳಗಿನ ಊಟಕ್ಕಿಂತ ರಾತ್ರಿಯ ಊಟ ಜಠರದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಜೀವಕೋಶದೊಳಗಿನ ದಿನಚಕ್ರದ ಯಂತ್ರವನ್ನು ಬಿಡಿಸಿ ತೋರಿಸಿದ ಹಾಲ್, ರಾಸ್‌ಬಾಷ್ ಮತ್ತು ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರ ನೊಬೆಲ್ ಪ್ರಶಸ್ತಿ ಸಂದಿತು.

ಈ ಪಟಕ್ಕಿಂತ ಹೆಚ್ಚು ಗಂಭೀರವಾದ ಸಾಕ್ಷ್ಯವನ್ನು ಬಿಟ್ಟುಹೋದವನು ಲೀ ಗಾವೋ. ಲೀ ದೊಂಗ್‌ಯ್ವಾನ್ ಎಂದೂ ಅವನ ಹೆಸರು. ಹುಟ್ಟಿದ್ದು 1180ರಲ್ಲಿ, ಸಿರಿವಂತರ ಮನೆಯಲ್ಲಿ. ತಾಯಿ ಕಾಯಿಲೆ ಬಿದ್ದಾಗ ಕರೆಸಿದ ವೈದ್ಯರು ತಮತಮಗೆ ತೋಚಿದ ಮದ್ದು ಕೊಟ್ಟರು. ರೋಗ ಯಾವುದೆಂದು ತಿಳಿಯದೆಯೇ ಆಕೆ ತೀರಿಕೊಂಡಳು. ಆ ನೋವಿನಿಂದಲೇ ಅವನು ಜಾಂಗ್ ಯ್ವಾನ್‌ಸು ಎಂಬ ಪ್ರಸಿದ್ಧ ವೈದ್ಯನಲ್ಲಿ ಶಿಷ್ಯನಾದ.

1232ರಲ್ಲಿ ಮಂಗೋಲರ ಸೇನೆ ಜಿನ್ ರಾಜ್ಯದ ರಾಜಧಾನಿ ಕೈಫೆಂಗನ್ನು ಮುತ್ತಿತು. ಮುತ್ತಿಗೆ ಸಡಿಲವಾದ ಮೇಲೆ ನಗರದಲ್ಲಿ ಸಾವು ಆರಂಭವಾಯಿತು. ಹನ್ನೆರಡು ಬಾಗಿಲುಗಳಲ್ಲಿ ಒಂದೊಂದರಿಂದಲೂ ದಿನಕ್ಕೆ ಒಂದು ಸಾವಿರಕ್ಕೆ ಕಡಿಮೆಯಿಲ್ಲದಂತೆ, ಕೆಲವೊಮ್ಮೆ ಎರಡು ಸಾವಿರದವರೆಗೆ ಹೆಣಗಳು ಹೊರಬಿದ್ದವು, ಇದು ಹೆಚ್ಚುಕಡಿಮೆ ಮೂರು ತಿಂಗಳು ನಡೆಯಿತು ಎಂದು ಲೀ ಗಾವೋ ಬರೆದಿಟ್ಟಿದ್ದಾನೆ. ವೈದ್ಯರು ಇದನ್ನು ಹೊರಗಿನ ಶೀತದ ಬಾಧೆಯೆಂದು ಬಗೆದು ಬೆವರಿಸುವ ಮದ್ದನ್ನೂ ಭೇದಿಯ ಮದ್ದನ್ನೂ ಕೊಟ್ಟರು. ಮೊದಲೇ ಸೊರಗಿದ್ದ ದೇಹಗಳು ಆ ಮದ್ದಿಗೇ ಕುಸಿದವು ಎಂಬುದು ಅವನ ಆರೋಪ.

ಅವನ ವಾದಸರಣಿ ಯಾವ ನ್ಯಾಯವಾದಿಯೂ ಮೆಚ್ಚುವಂಥದ್ದು. ಇಷ್ಟೊಂದು ಲಕ್ಷ ಜನರಿಗೆ ಒಂದೇ ಹೊತ್ತಿಗೆ ಶೀತ ತಗಲಿತೆ? ತಿಂಗಳುಗಟ್ಟಲೆ ಅವರು ಹೊತ್ತಿಗೆ ಉಂಡಿಲ್ಲ, ನಿದ್ದೆ ಕಂಡಿಲ್ಲ, ಭಯದಲ್ಲಿ ಬದುಕಿದ್ದಾರೆ, ಮುತ್ತಿಗೆ ಸಡಿಲವಾದೊಡನೆ ಬರಿದಾದ ಹೊಟ್ಟೆಗೆ ಹೊಟ್ಟೆಬಿರಿಯ ತಿಂದಿದ್ದಾರೆ. ಕೆಟ್ಟದ್ದು ಒಳಗಿನ ಉಗ್ರಾಣ. ಅಲ್ಲಿ ಸೋಂಕೂ ಇದ್ದಿರಬಹುದು. ಆ ಕಾಲದವನಿಗೆ ಸೂಕ್ಷ್ಮಜೀವಿಗಳ ಅರಿವಿರಲಿಲ್ಲ. ಆದರೆ ಹಸಿವು, ದಣಿವು, ದಿಗಿಲು ಮೂರನ್ನೂ ರೋಗಕಾರಣಗಳ ಪಟ್ಟಿಗೆ ಸೇರಿಸಿ, ಸತ್ತವರ ಪರವಾಗಿ ನಿಂತು ಮಾತಾಡಿದ ಅವನ ಧೈರ್ಯ ಸಣ್ಣದಲ್ಲ.

1249ರಲ್ಲಿ ಅವನು 'ಪೀ ವೇಯ್ ಲುನ್', ಅಂದರೆ ಪ್ಲೀಹ-ಜಠರಗಳ ಪ್ರಬಂಧವನ್ನು ಮುಗಿಸಿದ. ಹೊತ್ತುತಪ್ಪಿದ ಊಟ, ಅತಿಯಾದ ಶ್ರಮ, ಮನಸ್ಸಿನ ಕಳವಳ ಇವೇ ಅದರಲ್ಲಿ ಮತ್ತೆ ಮತ್ತೆ ಬರುವ ಅಪರಾಧಿಗಳು. ಜಿನ್‌ಸೆಂಗ್, ಅತಿಮಧುರ, ಒಣಗಿಸಿದ ಕಿತ್ತಳೆ ಸಿಪ್ಪೆ ಮೊದಲಾದ ಎಂಟು ದ್ರವ್ಯಗಳ ಅವನ ಕಷಾಯವೊಂದು ಚೀನಾದಲ್ಲಿಯೂ ಜಪಾನಿನಲ್ಲಿಯೂ ಇಂದಿಗೂ ಬಳಕೆಯಲ್ಲಿದೆ.

ಮದ್ದಿಗಿಂತ ಮೊದಲು ಅಕ್ಕಿಯ ಗಂಜಿ. ಸೊರಗಿದ ಹೊಟ್ಟೆಗೆ ಬೆಳಗಿನ ಬಿಸಿ ಗಂಜಿಯನ್ನು ಚೀನೀ ಮನೆಗಳು 'ಜೋ' ಎನ್ನುತ್ತವೆ. ಇಂಗ್ಲಿಷರು ಅದೇ ಚೀನೀ ತಿನಿಸನ್ನು 'ಕಾಂಜಿ' ಎಂದು ಕರೆದದ್ದು ಮಾತ್ರ ನಮ್ಮ ದ್ರಾವಿಡ ನಾಡಿನಿಂದ ಒಯ್ದ ಪದದಿಂದ. ಕುಚ್ಚಲಕ್ಕಿಯ ಗಂಜಿಗೆ ಉಪ್ಪಿನಕಾಯಿ ನಂಜಿಕೊಂಡು ಶಾಲೆಗೆ ಓಡುವ ಮಗುವಿಗೆ ಲೀ ಗಾವೋನ ಹೆಸರು ತಿಳಿದಿರಬೇಕಾಗಿಲ್ಲ. ಅದನ್ನೂ ಉಣ್ಣದೆ, ಬಸ್ಸು ತಪ್ಪೀತೆಂಬ ದಿಗಿಲಿನಲ್ಲಿ ಓಡುವ ಮಗುವಿನ ಮನೆಯವರು ಮಾತ್ರ ಅವನ ಅಪರಾಧಿಗಳ ಪಟ್ಟಿಯನ್ನು ಒಮ್ಮೆ ನೋಡಬಹುದು.