ಈಜಿಪ್ಟಿನಿಂದ ಬಂದ ನಿಘಂಟು

ಮಕ್ಕಳೇ, ಭೂಪಟದಲ್ಲಿ ಮೆಡಿಟರೇನಿಯನ್ ಸಮುದ್ರದ ಪೂರ್ವದ ದಂಡೆಯನ್ನು ಹುಡುಕಿ. ಮೇಲೆ ಟರ್ಕಿ, ಕೆಳಗೆ ಈಜಿಪ್ಟ್, ನಡುವೆ ಸಿರಿಯಾ ಮತ್ತು ಜೆರುಸಲೇಂ. ನಾನೂರು ವರ್ಷಗಳ ಹಿಂದೆ ಇವೆಲ್ಲ ಟರ್ಕಿಯ ಸುಲ್ತಾನರ ಆಳ್ವಿಕೆಯಲ್ಲಿದ್ದವು. ಯುರೋಪಿನ ವ್ಯಾಪಾರಿಗಳು ಅಲ್ಲಿಗೆ ಸರಕಿಗಾಗಿ ಹೋಗುತ್ತಿದ್ದರು, ಭಕ್ತರು ಯಾತ್ರೆಗೆ ಹೋಗುತ್ತಿದ್ದರು. ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ ಕೂಡ ಯಾತ್ರೆಗೆಂದೇ ಹೊರಟವನು. ಆದರೆ ಅವನಿಗೆ ಭಾಷೆಗಳ ಹುಚ್ಚು, ಪುಸ್ತಕಗಳ ಹುಚ್ಚು.

1614ರ ಜೂನ್‌ನಲ್ಲಿ ಅವನು ವೆನಿಸ್‌ನಿಂದ ಹಡಗು ಹತ್ತಿದ. ಆಗ ಅವನಿಗೆ 28 ವರ್ಷ. ಇಂದಿನ ಇಸ್ತಾಂಬುಲ್‌ನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ನಿಂತು ಟರ್ಕಿ ಭಾಷೆ ಕಲಿತ. ಕಂಡದ್ದನ್ನೆಲ್ಲ ನೇಪಲ್ಸ್‌ನಲ್ಲಿದ್ದ ವೈದ್ಯ ಗೆಳೆಯ ಮಾರಿಯೊ ಸ್ಕಿಪಾನೊಗೆ ಪತ್ರ ಬರೆದು ತಿಳಿಸುತ್ತಿದ್ದ. ಅಲ್ಲಿನ ಜನ ಬಿಸಿಬಿಸಿಯಾಗಿ ಕುಡಿಯುತ್ತಿದ್ದ ಕಾಫಿಯ ವಿಷಯವೂ ಆ ಪತ್ರಗಳಲ್ಲಿದೆ. ಆಗಿನ್ನೂ ಇಟಲಿಯ ಹೆಚ್ಚಿನವರಿಗೆ ಕಾಫಿ ಎಂದರೆ ಏನೆಂದೇ ಗೊತ್ತಿರಲಿಲ್ಲ!

ಮುಂದೆ ಈಜಿಪ್ಟ್. ಅಲ್ಲಿನ ಪಿರಮಿಡ್ಡುಗಳನ್ನೂ ಮಮ್ಮಿಗಳನ್ನೂ ಅವನು ನೋಡಿದ. ಹಳೆಯ ಕಲ್ಲುಗಳ ಮೇಲೆ ಹಕ್ಕಿ, ಹಾವು, ಕಣ್ಣುಗಳ ಚಿತ್ರಲಿಪಿ ಇತ್ತು. ಅದನ್ನು ಓದಬಲ್ಲವರು ಇಡೀ ಜಗತ್ತಿನಲ್ಲಿ ಒಬ್ಬರೂ ಇರಲಿಲ್ಲ. ಆ ಪ್ರಾಚೀನ ಭಾಷೆಯ ಕೊನೆಯ ಕುಡಿ ಕಾಪ್ಟಿಕ್. ಜನರೆಲ್ಲ ಅರಬ್ಬಿ ಮಾತಾಡತೊಡಗಿದ ಮೇಲೆ ಅದು ಹೆಚ್ಚಾಗಿ ಅಲ್ಲಿನ ಕ್ರೈಸ್ತರ ಪ್ರಾರ್ಥನೆಯಲ್ಲಿ ಉಳಿದಿತ್ತು. ದೆಲ್ಲಾ ವಾಲ್ಲೆ ಕಾಪ್ಟಿಕ್ ಹಸ್ತಪ್ರತಿಗಳನ್ನು ಹುಡುಕಿ ಕೊಂಡ. ಕಾಪ್ಟಿಕ್ ಪದಗಳಿಗೆ ಅರಬ್ಬಿಯಲ್ಲಿ ಅರ್ಥ ಹೇಳುವ ನಿಘಂಟು ಮತ್ತು ವ್ಯಾಕರಣ ಅವುಗಳಲ್ಲಿದ್ದವು.

ಅವು ರೋಮ್ ಸೇರಿದವು. ಕಿರ್ಖರ್ ಎಂಬ ಪಾದ್ರಿ ವಿದ್ವಾಂಸ ಅವುಗಳನ್ನು ಲ್ಯಾಟಿನ್ ಭಾಷೆಯಲ್ಲಿ ವಿವರಿಸಿ 1643ರಲ್ಲಿ ಅಚ್ಚು ಮಾಡಿಸಿದ. ಹೀಗೆ ಕಾಪ್ಟಿಕ್ ಕಲಿಯಲು ಯುರೋಪಿನವರಿಗೆ ದಾರಿಯಾಯಿತು. ಬಹಳ ಕಾಲದ ನಂತರ ಫ್ರಾನ್ಸಿನ ಶಾಂಪೊಲಿಯೊ ಚಿಕ್ಕ ವಯಸ್ಸಿನಲ್ಲೇ ಕಾಪ್ಟಿಕ್ ಕಲಿತ. ರೊಸೆಟ್ಟಾ ಶಿಲೆಯ ಜೊತೆಗೆ ಆ ಭಾಷೆಯ ನೆರವಿನಿಂದಲೇ 1822ರಲ್ಲಿ ಅವನು ಚಿತ್ರಲಿಪಿಯ ಗುಟ್ಟು ಬಿಡಿಸಿದ. ಬ್ಯಾಂಕಿನಲ್ಲಿ ಆಯುಷ್ಯ ಕಳೆದ ನಾನು ಎಷ್ಟೋ ಠೇವಣಿಗಳ ಬಡ್ಡಿ ಲೆಕ್ಕ ಹಾಕಿದ್ದೇನೆ. ಇನ್ನೂರು ವರ್ಷ ಬಿಟ್ಟು ಇಷ್ಟು ಬಡ್ಡಿ ತಂದ ಠೇವಣಿ ಇನ್ನೊಂದನ್ನು ಕಾಣೆ.

ಈಜಿಪ್ಟಿನ ನಂತರ ದೆಲ್ಲಾ ವಾಲ್ಲೆ ಜೆರುಸಲೇಂ, ಡಮಾಸ್ಕಸ್, ಅಲೆಪ್ಪೊ ದಾಟಿ ಬಾಗ್ದಾದ್ ತಲುಪಿದ. ಅಲ್ಲಿ ಮಾನಿ ಎಂಬ ಹೆಣ್ಣುಮಗಳನ್ನು ಮದುವೆಯಾದ. ಇರಾನಿನಲ್ಲಿ ಆಕೆ ಜ್ವರದಿಂದ ತೀರಿಕೊಂಡಳು. ಆ ದುಃಖವನ್ನು ಹೊತ್ತುಕೊಂಡೇ ಅವನು 1623ರಲ್ಲಿ ಭಾರತಕ್ಕೆ ಬಂದ. ನಮ್ಮ ಇಕ್ಕೇರಿಗೂ ಬಂದು ವೆಂಕಟಪ್ಪ ನಾಯಕರನ್ನು ಕಂಡ.

ಇಕ್ಕೇರಿಗೆ ಬರುವ ದಾರಿಯಲ್ಲಿ, ಒಂದು ಗುಡಿಯ ಜಗಲಿಯಲ್ಲಿ ನಾಲ್ಕು ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದರು. ಕಾಗದ ಖರ್ಚಿಲ್ಲದ ಈ ಕಲಿಕೆಯನ್ನು ಅವನು ಮೆಚ್ಚಿಕೊಂಡು ವಿವರವಾಗಿ ಬರೆದಿಟ್ಟ. ಮಗ್ಗಿಯನ್ನು ಹಾಡಿ ಕಲಿತ ಅಜ್ಜ ಅಜ್ಜಿಯರಿಗೆ ಆ ದೃಶ್ಯ ಕಣ್ಣಿಗೆ ಕಟ್ಟುತ್ತದೆ, ಅಲ್ಲವೇ?

ಆ ಹುಡುಗರು ಬರೆದ ಅಂಕಿಗಳು ಅಂದೇ ಅಳಿಸಿಹೋದವು. ದಾರಿಹೋಕನೊಬ್ಬ ನಿಂತು, ನೋಡಿ, ಕೇಳಿ, ಬರೆದದ್ದರಿಂದ ಆ ಹುಡುಗರು ಉಳಿದರು. ನಿಮ್ಮ ಮನೆಯ ಹಿರಿಯರ ಬಾಯಲ್ಲೂ ಈಗ ಯಾರೂ ಬಳಸದ ಮಾತುಗಳಿವೆ: ಸೇರು, ಪಾವು, ಚಟಾಕು. ಈ ಭಾನುವಾರ ಕೇಳಿ, ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಮುಂದೆ ಯಾವ ಮಗುವಿಗೆ ಅದೇ ನಿಘಂಟಾಗುತ್ತದೋ!