ಮಕ್ಕಳ ಜೊತೆ ಬಿಡದಿಯ ನೀರಾಟ

ಬೇಸಿಗೆ ರಜೆ ಬಂತೆಂದರೆ ಮಕ್ಕಳಿರುವ ಮನೆಯಲ್ಲಿ ಒಂದೇ ರಾಗ. "ಅಮ್ಮಾ, ಈ ಸಲ ವಂಡರ್‌ಲಾಗೆ ಕರ್ಕೊಂಡು ಹೋಗ್ತೀಯಾ?" ನಿಮ್ಮ ಮನೆಯಲ್ಲೂ ಈ ರಾಗ ಶುರುವಾಗಿದ್ದರೆ, ಬನ್ನಿ ಸೋದರಿಯರೇ, ಒಂದು ಲೋಟ ಕಾಫಿ ಹಿಡಿದು ಕೂತು ಯೋಚನೆ ಮಾಡೋಣ.

ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 28 ಕಿಲೋಮೀಟರ್ ದೂರದಲ್ಲಿ, ಬಿಡದಿಗಿಂತ ಸ್ವಲ್ಪ ಮುಂಚೆ ಈ ಪಾರ್ಕಿದೆ. ವಿಸ್ತಾರ 82 ಎಕರೆ. ಬಾಗಿಲು ತೆರೆದದ್ದು 2005ರಲ್ಲಿ. ನಾವು ಚಿಕ್ಕವರಿದ್ದಾಗ ಇದೆಲ್ಲ ಎಲ್ಲಿತ್ತು? ಜಾತ್ರೆಯ ರಾಟೆ ತೊಟ್ಟಿಲು, ದಸರಾ ವಸ್ತುಪ್ರದರ್ಶನದಲ್ಲಿ ಒಂದು ದೊಡ್ಡ ಹಪ್ಪಳ, ಅಷ್ಟಕ್ಕೇ ವರ್ಷವಿಡೀ ಸಂತೋಷ!

ಟಿಕೆಟ್ಟಿಗೂ ಮೊದಲು ಅಳತೆ ಟೇಪು ಹುಡುಕಿ. ಅಲ್ಲಿ ಮಗುವಿನ ವಯಸ್ಸು ಕೇಳುವುದಿಲ್ಲ, ಎತ್ತರ ನೋಡುತ್ತಾರೆ. 85 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಟಿಕೆಟ್ಟಿಲ್ಲ. ಅಲ್ಲಿಂದ 140ರವರೆಗೆ ಮಕ್ಕಳ ಟಿಕೆಟ್ಟು. ಅದರ ಮೇಲೆ ದೊಡ್ಡವರ ದರ. ನಮ್ಮ ಲೆಕ್ಕದಲ್ಲಿ 140 ಅಂದರೆ ನಾಲ್ಕಡಿ ಏಳಂಗುಲ. ದುಡ್ಡಿನ ಮಾತು ಹಾಗಿರಲಿ, ಹಲವು ಆಟಗಳ ಬಾಗಿಲಲ್ಲೂ ಇಷ್ಟು ಎತ್ತರವಿರಬೇಕೆಂದು ಗೆರೆ ಎಳೆದಿರುತ್ತಾರೆ. ಅಣ್ಣ ಒಳಗೆ ಹೋಗಿ ತಂಗಿ ಹೊರಗುಳಿದರೆ ಆ ಅಳುವನ್ನು ಯಾವ ಐಸ್‌ಕ್ರೀಮೂ ನಿಲ್ಲಿಸುವುದಿಲ್ಲ. ಹಿಂದಿನ ದಿನವೇ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲ್ ಗೆರೆ ಹಾಕಿ, "ಈ ಗೆರೆಗಿಂತ ಮೇಲಿನ ಆಟ ಅಣ್ಣಂದು, ಕೆಳಗಿನದು ನಿಂದು" ಎಂದು ಹೇಳಿಬಿಡಿ. ನಮ್ಮ ಏಳು ವರ್ಷದವಳು ಮನೆಯಲ್ಲೇ ಅತ್ತು ಮುಗಿಸಿದಳು; ಅಲ್ಲಿ ಹೋದಾಗ ಪುಟ್ಟ ಮಕ್ಕಳ ಆಟಗಳ ಕಡೆ ತಾನೇ ನನ್ನ ಕೈ ಹಿಡಿದು ಎಳೆದಳು.

ದಿನ ಯಾವುದೆಂದರೆ, ವಾರದ ನಡುವಿನದು. ಶನಿವಾರ, ಭಾನುವಾರ, ಹಬ್ಬದ ರಜೆಗಳಲ್ಲಿ ದರವೂ ಜಾಸ್ತಿ, ಸಾಲೂ ಉದ್ದ. ಅವತ್ತಿನ ವೇಳೆ, ದರ ಎರಡನ್ನೂ ಹೊರಡುವ ಮೊದಲು ಮನೆಯವರ ಕೈಯಲ್ಲಿ ಫೋನಿನಲ್ಲಿ ನೋಡಿಸಿ.

ಇನ್ನು ಬಟ್ಟೆ. ಈ ವಿಷಯ ನಾವು ಹೆಂಗಸರು ಮಾತಾಡಿಕೊಳ್ಳಲೇಬೇಕು. ನೀರಿನ ಆಟಕ್ಕೆ ನೈಲಾನಿನಂಥ ಬಟ್ಟೆಯೇ ಆಗಬೇಕು, ಸೀರೆಯಾಗಲಿ ಹತ್ತಿ ಚೂಡಿದಾರವಾಗಲಿ ನಡೆಯುವುದಿಲ್ಲ. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಎಳೆ ಬಿಡುತ್ತದೆ. ಇದರಿಂದ ಏನಾಗುತ್ತದೆ ನೋಡಿ: ಗಂಡಸರೂ ಮಕ್ಕಳೂ ನೀರಿಗಿಳಿಯುತ್ತಾರೆ, ಸೀರೆಯುಟ್ಟ ತಾಯಂದಿರು ಕಲ್ಲುಬೆಂಚಿನ ಮೇಲೆ ಚೀಲ, ಚಪ್ಪಲಿ, ಕನ್ನಡಕ ಕಾಯುತ್ತಾ ಕೂರುತ್ತಾರೆ. ಅವರೂ ಟಿಕೆಟ್ಟು ಕೊಟ್ಟವರೇ ತಾನೆ! ಚೀಲಕ್ಕೆ ಅಲ್ಲಿ ಲಾಕರ್ ಇದೆ. ಮಂಡಿ ಕೆಳಗಿನವರೆಗೆ ಬರುವ, ತೋಳಿರುವ ಈಜುಡುಗೆಗಳು ಈಗ ಪೇಟೆಯಲ್ಲಿ ಧಾರಾಳವಾಗಿ ಸಿಗುತ್ತವೆ. "ಈ ವಯಸ್ಸಿನಲ್ಲಿ ನಿಂಗ್ಯಾಕಮ್ಮ?" ಎಂದು ನಮ್ಮತ್ತೆ ಕೇಳಿದರು. "ಹುಡುಗೀನ ಹಿಡ್ಕೊಳ್ಳೋರು ಬೇಕಲ್ಲ ಅತ್ತೆ" ಎಂದೆ. ಅಷ್ಟಕ್ಕೆ ಸುಮ್ಮನಾದರು. ಆಮೇಲೆ ಅವರೇ ಸೀರೆ ಸ್ವಲ್ಪ ಎತ್ತಿ ಹಿಡಿದು ನಾವು ಎಲ್ಲಿದ್ದೇವೆಂದು ದೂರದಿಂದ ಹುಡುಕುತ್ತಿದ್ದರು.

ಹಿಡಿದುಕೊಳ್ಳುವುದು ನೆಪದ ಮಾತಲ್ಲ. ಅಲೆಯ ಕೊಳದಲ್ಲಿ ಸ್ವಲ್ಪ ಹೊತ್ತು ನೀರು ಸುಮ್ಮನಿರುತ್ತದೆ, ಆಮೇಲೆ ಒಮ್ಮೆಲೇ ಅಲೆ ಏಳುತ್ತದೆ. ದೊಡ್ಡವರ ಸೊಂಟಕ್ಕೆ ಬರುವ ನೀರು ಪುಟ್ಟವರ ಬಾಯಿಗೆ ಬರುತ್ತದೆ. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೂಗಿ ಕೈ ಬೀಸುವುದಿಲ್ಲ, ಸದ್ದಿಲ್ಲದೆ ಕೆಳಗೆ ಹೋಗುತ್ತದೆ. ಕಾವಲಿನವರು ನಿಂತಿರುತ್ತಾರೆ ನಿಜ, ಆದರೆ ಅವರ ಕಣ್ಣಿಗೆ ನೂರಾರು ತಲೆ. ನಾಲ್ಕು ಜನ ದೊಡ್ಡವರಿದ್ದಾಗ "ಅವರು ನೋಡ್ತಿದಾರೆ" ಎಂದು ಇವರು, "ಇವರು ನೋಡ್ತಿದಾರೆ" ಎಂದು ಅವರು ಇರುವುದೇ ಅಪಾಯ. ನಾವು ಪಾಳಿ ಮಾಡಿಕೊಂಡೆವು. ಒಬ್ಬರಿಗೆ ಒಂದು ಮಗು, ಬಿಟ್ಟು ಹೋಗುವಾಗ ಬಾಯಿಬಿಟ್ಟು "ಈಗ ನಿಮ್ಮ ಪಾಳಿ" ಎನ್ನಬೇಕು, ಅವರು "ಹೂಂ" ಎನ್ನಬೇಕು. ಮೂರು ವರ್ಷದ ನಾದಿನಿ ಮಗನ ತೋಳಿನ ಮೇಲೆ ನೀರಿಗೆ ಅಳಿಸದ ಮಾರ್ಕರಿನಲ್ಲಿ ಫೋನ್ ನಂಬರು ಬರೆದೆವು. ದಾರಿ ತಪ್ಪಿದರೆ ನಿಂತಲ್ಲೇ ನಿಲ್ಲು ಎಂದು ಎಲ್ಲ ಮಕ್ಕಳಿಗೂ ಹೇಳಿಕೊಟ್ಟಿದ್ದೆವು.

ಹೊಟ್ಟೆಯ ಸಂಗತಿಗೆ ಬರೋಣ. ಹೊರಗಿನ ಅಡುಗೆಯನ್ನು ಒಳಗೆ ಬಿಡುವುದಿಲ್ಲ. ಮಧ್ಯಾಹ್ನದ ಊಟ ಅಲ್ಲಿಯ ಹೋಟೆಲಿನಲ್ಲೇ ಆಗಬೇಕು, ಅದಕ್ಕೆ ದುಡ್ಡು ಬೇರೆ ಎತ್ತಿಡಿ. ಆದ್ದರಿಂದ ಬೆಳಗಿನ ತಿಂಡಿ ಗಟ್ಟಿಯಾಗಿರಲಿ. ಬಿಡದಿಯ ತಟ್ಟೆ ಇಡ್ಲಿ ಯಾರಿಗೆ ಗೊತ್ತಿಲ್ಲ? ತಟ್ಟೆಯಗಲದ ಇಡ್ಲಿ, ಮೇಲೊಂದು ಬೆಣ್ಣೆ ಉಂಡೆ, ಚಟ್ನಿ. ಆದರೆ 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಊರನ್ನು ಬಳಸಿ ಹೋಗುತ್ತದೆ. ಮಂಡ್ಯದ ಕಡೆಯಿಂದ ಬರುವ ನಾವು ಇಡ್ಲಿ ಬೇಕೆಂದರೆ ಮೊದಲೇ ಸರ್ವಿಸ್ ರಸ್ತೆಗೆ ಇಳಿಯಬೇಕು. ಬೆಂಗಳೂರಿನವರಾದರೆ ಪಾರ್ಕಿನ ತಿರುವು ದಾಟಿ ಮುಂದೆ ಹೋಗಿ ತಿಂದು ಹಿಂದಿರುಗಬೇಕು.

ವಾಪಸು ಬರುವಾಗಿನ ಹಸಿವಿಗೆ ಕಾರಿನಲ್ಲಿ ಮೊಸರನ್ನವಿರಲಿ. ಮೆತ್ತಗೆ ಮಾಡಿದ ಅನ್ನವನ್ನು ಬಿಸಿಯಲ್ಲೇ ಕಿವುಚಿ, ಆರಿದ ಮೇಲೆ ಕಾಯಿಸಿದ ಹಾಲನ್ನೇ ಧಾರಾಳವಾಗಿ ಬೆರೆಸಿ, ಮೊಸರು ಬರೀ ಎರಡು ಚಮಚ ಹಾಕಿ. ಸಂಜೆಗೆ ಹದವಾಗಿ ಹೆಪ್ಪುಗಟ್ಟಿರುತ್ತದೆ, ಹುಳಿ ಬಂದಿರುವುದಿಲ್ಲ. ಬೇಸಿಗೆಯ ಕಾರಿನಲ್ಲಿ ಬರೀ ಮೊಸರು ಕಲಸಿದ್ದರೆ ಹುಳಿಯಾಗುವುದು ಖಂಡಿತ. ಸಾಸಿವೆ, ಶುಂಠಿ ಒಗ್ಗರಣೆ ಸಾಕು; ಚಿಕ್ಕವರಿಗೆ ಹಸಿಮೆಣಸಿನಕಾಯಿ ಬೇಡ. ನೀರಾಡಿ ಬಂದ ಮಕ್ಕಳು ಡಬ್ಬಿ ನೆಕ್ಕಿ ಇಡುತ್ತಾರೆ.

ಒದ್ದೆ ಬಟ್ಟೆಗೆ ಎರಡು ಪ್ಲಾಸ್ಟಿಕ್ ಚೀಲ, ತಲೆ ಒರೆಸಲು ತೆಳು ಪಂಚೆ, ಇಷ್ಟು ಮರೆಯಬೇಡಿ. ಮಂಡ್ಯ, ಮೈಸೂರಿನ ಕಡೆಯವರು ಇನ್ನೂ ಬೆಳಕಿದ್ದರೆ ಚನ್ನಪಟ್ಟಣದಲ್ಲಿ ಇಳಿದು ಅರಗಿನ ಬಣ್ಣದ ಮರದ ಬುಗುರಿ ಕೊಡಿಸಿ. ನಮ್ಮವರಿಗೆ ಕೊಡಿಸಲಾಗಲಿಲ್ಲ, ರಾಮನಗರದ ಬೆಟ್ಟ ಕಣ್ಣಿಗೆ ಬೀಳುವ ಹೊತ್ತಿಗೆ ಮೂರೂ ಮಕ್ಕಳು ಅತ್ತೆಯ ಮೈಮೇಲೆ ಒರಗಿ ನಿದ್ದೆ ಹೋಗಿದ್ದವು.